ಮೊದಲು ಔಟಾಗುವ ಮಗುವಿಗೂ ಆಟ ಸಿಗಬೇಕಾದರೆ

ನಲವತ್ತು ಮಕ್ಕಳಿಗೆ ಒಂದೇ ಚೆಂಡು ಕೊಟ್ಟರೆ ಚುರುಕಾದ ಏಳೆಂಟು ಮಂದಿ ಆಡುತ್ತಾರೆ, ಉಳಿದವರು ನಿಂತು ಮಣ್ಣು ಕೆದಕುತ್ತಾರೆ. ಔಟಾದವರು ಹೊರಗೆ ಕೂರುವ ಆಟಗಳಂತೂ ಇನ್ನೂ ತಲೆಕೆಳಗು: ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರೇ ಮೊದಲು ಕೂತಿರುತ್ತಾರೆ. ಪಿ.ಟಿ. ಮೇಷ್ಟ್ರು ಮಕ್ಕಳ ಬೆನ್ನು ತಟ್ಟುವ ಮೊದಲು ಈ ಲೆಕ್ಕ ಸರಿಮಾಡಬೇಕು.

40 ನಿಮಿಷದ ಪೀರಿಯಡ್ಡಾದರೆ 5 ನಿಮಿಷ ವಾರ್ಮ್ ಅಪ್. ಆಮೇಲೆ ಮೈದಾನದ ನಾಲ್ಕು ಮೂಲೆಗಳಲ್ಲಿ ನಾಲ್ಕು ಕೆಲಸ: ಕ್ಯಾಚು, ಗುರಿ ಎಸೆತ, ಸ್ಕಿಪ್ಪಿಂಗ್, ಓಟ. ಒಂದೊಂದು ಮೂಲೆಗೆ ಐದೈದು ಮಕ್ಕಳ ಎರಡು ಗುಂಪು. 6 ನಿಮಿಷಕ್ಕೊಮ್ಮೆ ಸೀಟಿ ಊದಿ ಜಾಗ ಬದಲಿಸಿ. ಉಳಿದ ಸಮಯಕ್ಕೆ ಆಟ. ಅದರಲ್ಲಿ ಔಟಾದವರು ಗೋಡೆಗೆ ಚೆಂಡು ಎಸೆದು ಐದು ಸಲ ಹಿಡಿದು ವಾಪಸ್ ಬರಲಿ. ತಂಡ ಆರಿಸಲು ಇಬ್ಬರು ನಾಯಕರನ್ನು ನಿಲ್ಲಿಸಬೇಡಿ. ಕೊನೆಗೆ ಉಳಿಯುವ ಮಗು ಯಾವುದೆಂದು ತರಗತಿಗೆಲ್ಲ ಗೊತ್ತು, ಆ ಮಗುವಿಗೂ ಗೊತ್ತು. ಒಂದು, ಎರಡು ಎಂದು ಎಣಿಸಿ ಭಾಗ ಮಾಡಿದರೆ ಮುಗಿಯಿತು.

ಕ್ಯಾಚು ಬಿಡುವ ಮಗುವಿನ ಕೈಗಿಂತ ಮೊದಲು ಮುಖ ನೋಡಿ. ಚೆಂಡು ಹತ್ತಿರ ಬಂದಾಗ ಕಣ್ಣು ಮುಚ್ಚಿ ಕತ್ತು ಪಕ್ಕಕ್ಕೆ ತಿರುಗಿದರೆ ಅದು ಭಯ. ‘ಕಣ್ಣು ಬಿಡು’ ಎಂದು ಕೂಗಿದರೆ ಹೋಗುವುದಿಲ್ಲ. ಬಲೂನಿನಿಂದ ಶುರುಮಾಡಿ, ಅದು ನಿಧಾನ ಇಳಿಯುತ್ತದೆ, ತಗುಲಿದರೂ ನೋಯುವುದಿಲ್ಲ. ನಂತರ ಸ್ಪಂಜಿನ ಚೆಂಡು, 2 ಮೀಟರ್ ದೂರದಿಂದ, ಕೆಳಗೈಯಲ್ಲಿ, ಒಂದು ಪುಟಿ ಬಿದ್ದು ಬರುವಂತೆ. ಆಮೇಲೆ ನೇರವಾಗಿ, ಆಮೇಲೆ 3 ಮೀಟರಿಗೆ. ಹತ್ತರಲ್ಲಿ ಏಳೆಂಟು ಹಿಡಿದರೆ ಮುಂದಿನ ಹಂತ, ಐದಕ್ಕಿಂತ ಕಡಿಮೆಯಾದರೆ ಹಿಂದಿನದಕ್ಕೆ. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಜೋಡಿ, ಸೊಂಟಕ್ಕಿಂತ ಕೆಳಗಾದರೆ ಕಿರುಬೆರಳುಗಳು ಜೋಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಮೂರು ಹೇಳಿದರೆ ಮೂರೂ ಮರೆಯುತ್ತದೆ.

ಸ್ಕಿಪ್ಪಿಂಗ್ ಬರದಿದ್ದರೆ ಬಹಳ ಸಲ ತಪ್ಪು ಹಗ್ಗದ್ದೇ. ನಡುವಿಗೆ ಕಾಲಿಟ್ಟು ಎಳೆದಾಗ ಹಿಡಿಗಳು ಕಂಕುಳ ಮಟ್ಟಕ್ಕೆ ಬರಬೇಕು.

ಓಟದಲ್ಲಿ ಸಾಮಾನ್ಯವಾಗಿ ಮೊದಲ 100 ಮೀಟರಿನಲ್ಲೇ ಉಸಿರೆಲ್ಲ ಖರ್ಚು. ಪಕ್ಕದವರ ಜೊತೆ ಒಂದು ವಾಕ್ಯ ಮಾತಾಡಲು ಆಗುವಷ್ಟು ವೇಗದಲ್ಲಿ ಓಡಿಸಿ. ಸಮಯವನ್ನು ಮಗುವಿನ ಹೆಸರಿನ ಮುಂದೆ ಬರೆದಿಡಿ, ಹೋಲಿಕೆ ಕಳೆದ ತಿಂಗಳ ತನ್ನದೇ ಸಮಯದ ಜೊತೆ ಮಾತ್ರ. ತಪ್ಪಿಗೆ ‘ಹೋಗು, ಐದು ರೌಂಡು’ ಎನ್ನುವ ಚಾಳಿ ಬಿಡಲೇಬೇಕು. ಶಿಕ್ಷೆಯಾದ ಓಟವನ್ನು ಯಾರು ಇಷ್ಟಪಟ್ಟಾರು?

ಆಸ್ತಮಾ ಇರುವ ಮಗುವಿಗೆ ವಾರ್ಮ್ ಅಪ್ ಉದ್ದವಾಗಿರಲಿ, 10 ನಿಮಿಷ. ಇನ್‌ಹೇಲರ್ ತರಗತಿಯ ಚೀಲದಲ್ಲಿದ್ದರೆ ಪ್ರಯೋಜನವಿಲ್ಲ, ಮೈದಾನಕ್ಕೇ ಬರಬೇಕು. ಎದೆ ಬಿಗಿದರೆ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ವೈದ್ಯರು ಹೇಳಿದಂತೆ ಇನ್‌ಹೇಲರ್ ಕೊಡಿ, ಕಡಿಮೆಯಾಗದಿದ್ದರೆ ಕಾಯದೆ ಆಸ್ಪತ್ರೆ.

ಆಟದ ದಿನವೇ ಹೊಟ್ಟೆನೋವು ಬರುವ ಮಗುವನ್ನು ಎಲ್ಲರ ಮುಂದೆ ವಿಚಾರಿಸಬೇಡಿ. ಕಚ್ಚುವ ಶೂ, ಮುಟ್ಟು, ಯಾರದೋ ಗೇಲಿ, ಏನೂ ಇರಬಹುದು. ನಿಜವಾದ ಹೊಟ್ಟೆನೋವೂ ಇರಬಹುದು. ಅಂದಿನ ಮಟ್ಟಿಗೆ ಸ್ಕೋರು ಬರೆಯಲು ಕೊಡಿ. ಮುಂದಿನ ವಾರ ಆ ಪೆನ್ನು ಬೇರೆಯವರ ಕೈಗೆ ಹೋಗಲಿ.