ತಿರುವಬಾರದ ಮೊಟ್ಟೆ

ನಮ್ಮ ಊರು ಶಹಾಪುರದ ಹತ್ತಿರ. ದೊಡ್ಡ ನೀರೆಂದರೆ ಭೀಮಾ ನದಿ ಎಂದುಕೊಂಡೇ ಬೆಳೆದವನು ನಾನು. ಈಗ ನಾಲ್ಕು ವರ್ಷಗಳಿಂದ ತೊಗರಿ ರಾಶಿ ಮುಗಿಯುತ್ತಿದ್ದಂತೆ ಅವ್ವನಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಮಧ್ಯ ಅಂಡಮಾನಿನ ಕತ್‌ಬರ್ಟ್ ಬೇ ತೀರಕ್ಕೆ ಹೊರಡುತ್ತೇನೆ. ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಅಲ್ಲಿಗೆ ಬರುತ್ತವೆ. ನನ್ನ ಪಾಲಿಗೆ ರಾತ್ರಿ ಗಸ್ತು.

ಟಾರ್ಚ್ ಆರಿಸಿಯೇ ನಡೆಯಬೇಕು. ಬೆಳಕು ಬಿದ್ದರೆ ಆಮೆ ಅರ್ಧದಾರಿಯಿಂದ ಕಡಲಿಗೆ ಮರಳಿಬಿಡುತ್ತದೆ. ಟ್ರ್ಯಾಕ್ಟರ್ ಗಾಲಿ ಹಾದಂಥ ಗುರುತು ಸಿಕ್ಕರೆ ಅದರ ಜಾಡು ಹಿಡಿದು, ಆಮೆಯ ಹಿಂದೆ ಬೋರಲು ಮಲಗಿ ಕಾಯುತ್ತೇವೆ. ಮೊಟ್ಟೆ ಇಡತೊಡಗಿದ ಮೇಲೆ ಅದಕ್ಕೆ ಸುತ್ತಲಿನ ಪರಿವೆ ಇರುವುದಿಲ್ಲ. ಆಗ ಕೆಂಪು ಬೆಳಕಿನಲ್ಲಿ ಚಿಪ್ಪು ಅಳೆಯುವುದು. ಗೂಡು ಉಬ್ಬರದ ಗೆರೆಯಿಂದ ಮೇಲಿದ್ದು ನಾಯಿಗಳ ಕಾಟವೂ ಇಲ್ಲದಿದ್ದರೆ ಮುಟ್ಟದೆ ಬಿಡುವುದೇ ಲೇಸು. ಇಲ್ಲವಾದರೆ ಹ್ಯಾಚರಿಗೆ, ಅಂದರೆ ಮೊಟ್ಟೆಗಳನ್ನು ಹೂತು ಮರಿಯಾಗುವವರೆಗೆ ಕಾಯುವ ಜಾಗಕ್ಕೆ, ಸಾಗಿಸಬೇಕು.

ಮೊದಲ ವರ್ಷ ನಾನು ಎಡವಿದ್ದು ಅಲ್ಲೇ. ಹಿಂದಿನ ರಾತ್ರಿ ನಮ್ಮ ಕಣ್ಣು ತಪ್ಪಿಸಿದ್ದ ಗೂಡೊಂದನ್ನು ಮರುದಿನ ಸಂಜೆ ನಾಯಿ ಕೆದಕಿತ್ತು. ಕೈ ಇಳಿಸಿ ಮೊಟ್ಟೆ ತೆಗೆದೆ. ಪಿಂಗ್‌ಪಾಂಗ್ ಚೆಂಡಿನಂತೆ ದುಂಡಗೆ, ಆದರೆ ತೆಳು ಚರ್ಮದಂಥ ಸಿಪ್ಪೆ. ಕಾವಿಗೆ ಕೂತ ಕೋಳಿ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ತಿರುವುವುದನ್ನು ಚಿಕ್ಕಂದಿನಿಂದ ನೋಡಿದವನು. ಒಂದೊಂದನ್ನೂ ಉರುಳಿಸಿ, ಮರಳು ಒರೆಸಿ ಬಕೆಟ್ಟಿಗೆ ಇಟ್ಟೆ. ಹಿರಿಯ ಗಸ್ತುಗಾರರೊಬ್ಬರು ಕೈ ಹಿಡಿದು ನಿಲ್ಲಿಸಿದರು. ಮೊಟ್ಟೆಯ ನೆತ್ತಿಯಲ್ಲಿ ಸುಣ್ಣ ಹಚ್ಚಿದಂಥ ಮಚ್ಚೆ. ಅಲ್ಲಿ ಭ್ರೂಣ ಸಿಪ್ಪೆಗೆ ಅಂಟಿರುತ್ತದೆ. ಬುಡಮೇಲಾದರೆ ಉಳಿಯುವುದು ಕಷ್ಟ.

ಇಟ್ಟ ಕೆಲವೇ ಗಂಟೆಗಳಲ್ಲಿ ಸಾಗಿಸಬೇಕು. ತಡವಾಗಿದ್ದರೆ ನೆತ್ತಿಗೆ ಪೆನ್ಸಿಲ್ ಗುರುತು ಹಾಕಿ, ಇದ್ದ ಹಾಗೆಯೇ ಇಳಿಸಬೇಕು. ಹ್ಯಾಚರಿಯ ಕುಳಿಗೆ ಗಡಿಗೆಯ ಆಕಾರ, ಮೊಳದಷ್ಟು ಆಳ. ಮರಳು ಸುಮಾರು 30 ಡಿಗ್ರಿ ದಾಟಿ ಬಿಸಿಯಾದಷ್ಟೂ ಹೆಣ್ಣುಮರಿಗಳೇ ಹೆಚ್ಚು. ಅದಕ್ಕೇ ಮೇಲೆ ತೆಂಗಿನ ಗರಿಯ ನೆರಳು. ನಮ್ಮ ಯಾದಗಿರಿಯ ಮೇ ತಿಂಗಳಾಗಿದ್ದರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಬೇಯಿಸಿದ ಮೊಟ್ಟೆಯೇ.

ಐವತ್ತು ದಿನ ಕಳೆದ ಮೇಲೆ ಆ ಗೂಡಿನಿಂದ ಮರಿಗಳು ಹೊರಟವು. ಆಮೇಲೆ ಕುಳಿ ತೋಡಿ ಲೆಕ್ಕ ಹಾಕುವುದು ರೂಢಿ. ನಾನು ಉರುಳಿಸಿದವನ್ನು ಒಂದು ಬದಿಗೆ ಇಟ್ಟಿದ್ದರು. ಅವುಗಳಲ್ಲಿ ಒಂದೂ ಒಡೆದಿರಲಿಲ್ಲ.

ಅವ್ವ ಇದನ್ನು ಇವತ್ತಿಗೂ ನಂಬಿಲ್ಲ. “ತಿರುವದೆ ಮರಿ ಆಗುತ್ತದೆಯೇ? ನೀನು ನಿದ್ದೆ ಹೋದಾಗ ತಾಯಿ ಆಮೆ ಬಂದು ತಿರುವಿ ಹೋಗಿರಬೇಕು” ಎನ್ನುತ್ತಾಳೆ.