ಗದ್ದೆ ಮಣ್ಣಿನ ಕಪ್ಪು ಗುಂಡು ಮ್ಯಾಂಗನೀಸಾ? ಹೀಗೆ ನೋಡಿ

ಗದ್ದೆಯಲ್ಲಿ ಒಂದು ಮೊಳ ಗುಂಡಿ ತೆಗೆದು ಹೆಂಟೆ ಒಡೆಯಿರಿ. ಸಾಸಿವೆ ಕಾಳಿನಷ್ಟು ಕಪ್ಪು ಗುಂಡುಗಳು ಕಂಡರೆ ಎತ್ತಿಟ್ಟುಕೊಳ್ಳಿ. ನೀರು ನಿಂತು ಮತ್ತೆ ಒಣಗುವ ಜಾಗದಲ್ಲಿ ಇವು ಜಾಸ್ತಿ.

ಗುಂಡನ್ನು ತೊಳೆದು, ಒಣಗಿಸಿ, ಒಡೆದು, ಒಳಮೈ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಡಿ. ಮೆಡಿಕಲ್ ಶಾಪ್‌ನಲ್ಲಿ ಗಾಯ ತೊಳೆಯಲು ಕೊಡ್ತಾರಲ್ಲ, ಅದೇ ಸಾಕು. ಕಣ್ಣಿಗೆ ಸಿಡಿಯದ ಹಾಗೆ ಕನ್ನಡಕ ಹಾಕಿಕೊಳ್ಳಿ. ಜೋರಾಗಿ ನೊರೆ ಬಂದರೆ ಮ್ಯಾಂಗನೀಸ್ ಆಕ್ಸೈಡ್ ಇರುವ ಸಾಧ್ಯತೆ ಹೆಚ್ಚು. ಕೊಳೆತ ಎಲೆ, ಗೊಬ್ಬರ ಇರುವ ಮಣ್ಣೂ ನೊರೆ ಬಿಡುತ್ತದೆ, ಹಾಗಾಗಿ ಪಕ್ಕದ ಮಾಮೂಲಿ ಮಣ್ಣಿಗೂ ಒಂದು ಹನಿ ಹಾಕಿ ಹೋಲಿಸಲೇಬೇಕು.

ಇಷ್ಟು ಚಿಕ್ಕ ಗುಂಡುಗಳಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಮಣ್ಣಿನಲ್ಲಿ ಸಾಮಾನ್ಯವಾಗಿ ಸಿಗುವ ಮ್ಯಾಂಗನೀಸ್ ಖನಿಜಗಳಲ್ಲಿ ಬರ್ನೆಸೈಟ್ ಒಂದು, ಸ್ಕಾಟ್ಲೆಂಡಿನ ಬರ್ನೆಸ್ ಊರಿನ ಹೆಸರು ಅದಕ್ಕೆ. ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಹಾಳೆಯಲ್ಲಿ ಅಲ್ಲಲ್ಲಿ ಮ್ಯಾಂಗನೀಸ್ ಪರಮಾಣು ಇರುವುದೇ ಇಲ್ಲ, ಆ ಖಾಲಿ ಜಾಗದಿಂದ ಋಣ ವಿದ್ಯುದಂಶ ಉಳಿಯುತ್ತದೆ, ಅದನ್ನು ಸರಿದೂಗಿಸಲು ಪದರಗಳ ನಡುವೆ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಬಂದು ಕೂರುತ್ತವೆ. ಇವು ಸುಲಭವಾಗಿ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಹುಳಿ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಧನ ಅಂಶ ಹೊತ್ತಿರುವಾಗಲೂ ಬರ್ನೆಸೈಟ್ ಋಣವಾಗಿಯೇ ಇರುತ್ತದೆ, ಯಾಕಂದ್ರೆ ಅದರ ಚಾರ್ಜ್ ಸೊನ್ನೆಗೆ ಬರುವುದು ಪಿಎಚ್ 2ರ ಆಸುಪಾಸಿನಲ್ಲಿ, ಅಂದರೆ ತೀರಾ ಹುಳಿಯಾದಾಗ. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಸೀಸ, ಕೋಬಾಲ್ಟ್ ಕಥೆ ಬೇರೆ. ಒಮ್ಮೆ ಒಳಗೆ ಹೋದರೆ ಉಪ್ಪು ನೀರು ಹಾಕಿದರೂ ಅವು ಸುಲಭವಾಗಿ ಹೊರಬರುವುದಿಲ್ಲ. ಕೋಬಾಲ್ಟನ್ನಂತೂ ಈ ಖನಿಜ ಆಕ್ಸಿಡೈಸ್ ಮಾಡಿ (ಅಂದರೆ ಅದರ ಎಲೆಕ್ಟ್ರಾನ್ ಕಿತ್ತುಕೊಂಡು) ಗಟ್ಟಿಯಾಗಿ ಹಿಡಿದುಬಿಡುತ್ತದೆ. ಆದರೆ ಗದ್ದೆಯಲ್ಲಿ ನೀರು ನಿಂತು ಗಾಳಿ ತಪ್ಪಿದರೆ ಬ್ಯಾಕ್ಟೀರಿಯಾ ಖನಿಜವನ್ನೇ ಕರಗಿಸುತ್ತವೆ, ಆಗ ಮ್ಯಾಂಗನೀಸ್ ಜೊತೆ ಒಳಗಿದ್ದ ಲೋಹಗಳೂ ಹೊರಬರುತ್ತವೆ.

ಅದಕ್ಕೇ ಮಣ್ಣು ಪರೀಕ್ಷೆಗೆ ಕಳಿಸುವಾಗ ಹುಷಾರು. ಸುಡು ಬಿಸಿಲಿಗೆ ಹರಡಬೇಡಿ, ತಿಂಗಳುಗಟ್ಟಲೆ ಚೀಲದಲ್ಲಿ ಇಡಬೇಡಿ. ಒಣಗಿದಷ್ಟೂ, ಹಳೆಯದಾದಷ್ಟೂ ಮ್ಯಾಂಗನೀಸ್ ಲೆಕ್ಕ ಏರುತ್ತದೆ. ನೆರಳಲ್ಲಿ ಆರಿಸಿ ಬೇಗ ಕೊಡಿ, ಡಿಟಿಪಿಎ ಪರೀಕ್ಷೆ (ಗಿಡಕ್ಕೆ ಸಿಗುವ ಮ್ಯಾಂಗನೀಸ್ ಎಷ್ಟಿದೆ ಅಂತ ನೋಡುವುದು) ಮಾಡಿ ಅಂತ ಕೇಳಿ, ಗದ್ದೆಯ ನೀರು ಬಸಿದು ಎಷ್ಟು ದಿನ ಆಯಿತು ಅಂತ ಚೀಟಿ ಮೇಲೆ ಬರೆದಿಡಿ.