ಘಾರಾಪುರಿಯ ದಡದಲ್ಲಿ ಹಳೆಯ ನೆಲೆಯ ಕುರುಹುಗಳನ್ನು ಗುರುತಿಸುವ ಬಗೆ

ಮುಂಬೈಯ ಕನ್ನಡಿಗರಲ್ಲಿ ಎಲಿಫೆಂಟಾ ಗುಹೆಗಳನ್ನು ನೋಡದವರು ವಿರಳ; ಆ ಗುಹೆಗಳಿರುವ ಘಾರಾಪುರಿ ದ್ವೀಪದ ದಡದಲ್ಲಿ ನಡೆದವರೂ ಅಷ್ಟೇ ವಿರಳ. ಅಲ್ಲಿಯ ಶಿವನ ಮೂರ್ತಿಗಳನ್ನು ಕಡೆಯುವುದಕ್ಕೆ ಶತಮಾನಗಳ ಮೊದಲೇ ಜನ ಇಲ್ಲಿ ನೆಲೆಸಿ ದೂರದ ಬಂದರುಗಳೊಂದಿಗೆ ವ್ಯವಹರಿಸಿದ್ದರೆಂಬುದಕ್ಕೆ ದ್ವೀಪದ ಇಟ್ಟಿಗೆಯ ಸ್ತೂಪವೂ ಮೋರಾಬಂದರ್ ಬಳಿ ಸಿಕ್ಕಿರುವ ಆಂಫೊರಾ (ರೋಮನ್ನರ ಕಾಲದಲ್ಲಿ ದ್ರಾಕ್ಷಾರಸ, ಎಣ್ಣೆ ಸಾಗಿಸುತ್ತಿದ್ದ ಮಣ್ಣಿನ ಜಾಡಿ) ಚೂರುಗಳೂ ಸಾಕ್ಷಿಯಾಗಿವೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯು ಹಡಗುಗಳ ಪಡೆಯೊಂದಿಗೆ ಮುತ್ತಿದನೆಂದು ರವಿಕೀರ್ತಿ ಹೇಳುವ 'ಪುರಿ' ಇದೇ ಎಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ, ಎಲ್ಲರೂ ಒಪ್ಪುವುದಿಲ್ಲ.

ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರು ಬಹಳ ಹಿಂದೆ ಸರಿಯುವುದು ನಿಜವಾದರೂ ಮುಂಬೈಯಲ್ಲಿ ಆ ಇಳಿತ ನಸುಕಿಗೂ ಸಂಜೆಗೂ ಬರುವುದರಿಂದ ಗೇಟ್‌ವೇಯಿಂದ ದೋಣಿ ಹತ್ತುವವರಿಗೆ ಉಪಯೋಗವಾಗದು. ಪಂಚಮಿಯಿಂದ ಅಷ್ಟಮಿಯವರೆಗಿನ ದಿನಗಳಲ್ಲಿ ಇಳಿತ ಹೆಚ್ಚುಕಡಿಮೆ ಬೆಳಗಿನಿಂದ ಮಧ್ಯಾಹ್ನದೊಳಗೆ ಬೀಳುತ್ತದೆ. ಹೊರಡುವ ಮೊದಲು ಆ ದಿನದ ಉಬ್ಬರವಿಳಿತದ ಪಟ್ಟಿಯನ್ನು ನೋಡಿಕೊಳ್ಳಿ. ಕಾಂಡ್ಲಾ ಗಿಡಗಳ ಬುಡದ ಕೆಸರಿಗೆ ಇಳಿಯಬೇಡಿ.

ದಡದಲ್ಲಿ ಚಿಪ್ಪುಗಳ ರಾಶಿ ಕಂಡರೆ ಅದು ಸಮುದ್ರ ತಂದದ್ದೋ ಮನುಷ್ಯರು ಎಸೆದದ್ದೋ ಎಂದು ಕೇಳಿಕೊಳ್ಳಿ. ಅಲೆ ತಂದ ರಾಶಿಯಲ್ಲಿ ಚಿಕ್ಕವು, ದೊಡ್ಡವು, ಅಂಚು ಸವೆದವು ಎಲ್ಲ ಬೆರೆತಿರುತ್ತವೆ. ಜನ ತಿಂದು ಎಸೆದದ್ದಾದರೆ ತಿನ್ನಲು ಯೋಗ್ಯ ಗಾತ್ರದ ಒಂದೆರಡು ಜಾತಿಯವೇ ಹೆಚ್ಚಿದ್ದು, ನಡುವೆ ಬೂದಿ, ಇದ್ದಿಲು, ಮೀನಿನ ಮೂಳೆ, ಮಡಕೆಯ ಚೂರು ಸಿಗುತ್ತವೆ. ಮರುವಾಯಿ ಎಂಬ ಚಿಪ್ಪುಜೀವಿಯನ್ನು ಬೇಯಿಸುವ ಮನೆಯ ಹಿತ್ತಲನ್ನು ಕಂಡವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಚಿಪ್ಪಿನ ಕಾಲವನ್ನು ರೇಡಿಯೋಕಾರ್ಬನ್‌ನಿಂದ ಅಳೆಯುವಾಗ, ಸಮುದ್ರದ ನೀರಿನಲ್ಲಿರುವ ಹಳೆಯ ಇಂಗಾಲದ ದೆಸೆಯಿಂದ ಅದು ನಿಜಕ್ಕಿಂತ ಸುಮಾರು 400 ವರ್ಷ ಹಳೆಯದಾಗಿ ತೋರುತ್ತದೆ. ಆದ್ದರಿಂದ ತಜ್ಞರು ಅದನ್ನು ತಿದ್ದಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಮಡಕೆಯ ಚೂರುಗಳ ಮುಂದೆ ಹೆಚ್ಚು ಹೊತ್ತು ಕುಳಿತುಕೊಳ್ಳಿ, ಏಕೆಂದರೆ ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲಿಯೇ. ಮುರಿದ ಅಂಚನ್ನು ಬೆಳಕಿಗೆ ಓರೆಯಾಗಿ ನೋಡಿದರೆ ಮಣ್ಣಿನ ಕಣಗಳು ಕಾಣುತ್ತವೆ. ಇಟಲಿಯ ವೆಸೂವಿಯಸ್ ಸೀಮೆಯ ಆಂಫೊರಾಗಳಲ್ಲಿ ಜ್ವಾಲಾಮುಖಿಯ ಕಪ್ಪು ಮರಳು ಹೊಳೆಯುತ್ತದೆ. ಆಂಫೊರಾಗಳಿಗೆ ಎರಡು ಹಿಡಿಗಳೂ ಇರುತ್ತವೆ. ಒಳಮೈಗೆ ಡಾಂಬರಿನಂಥ ದಪ್ಪ ಲೇಪವಿದ್ದು, ಹಿಡಿಯ ಗುರುತೇ ಇಲ್ಲದಿದ್ದರೆ ಅದು ಮೆಸೊಪೊಟೇಮಿಯಾ ಕಡೆಯ ಟಾರ್ಪಿಡೊ ಜಾಡಿಯಾಗಿರುವ ಸಂಭವವೇ ಹೆಚ್ಚು. ಭಾರತದ ಹಲವು ನೆಲೆಗಳಲ್ಲಿ ಇಂಥ ಚೂರುಗಳನ್ನು ಬಹುಕಾಲ ರೋಮಿನವೆಂದೇ ಎಣಿಸಲಾಗಿತ್ತು. ಈ ಗೊಂದಲ ಸಣ್ಣದಲ್ಲ: ರೋಮಿನೊಂದಿಗಿನ ವ್ಯಾಪಾರ ಇಳಿದ ಮೇಲೂ ಪರ್ಷಿಯಾ ಕೊಲ್ಲಿಯೊಂದಿಗೆ ಈ ಕರಾವಳಿಯ ಸಂಬಂಧ ಮುಂದುವರಿದ ಕಥೆ ಆ ಕಪ್ಪು ಲೇಪದಲ್ಲಿದೆ.

ಏನನ್ನೂ ಎತ್ತಿಕೊಂಡು ಬರಬೇಡಿ, ನೆಲವನ್ನು ಕೆದಕಬೇಡಿ. ಬಿದ್ದಲ್ಲಿಂದ ಕದಲಿದ ಚೂರು ತನ್ನ ಅರ್ಥದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ ಒಂದು, ಸುತ್ತಲಿನ ಗುರುತುಗಳು ಕಾಣುವಂತೆ ದೂರದಿಂದ ಇನ್ನೊಂದು ಚಿತ್ರ ತೆಗೆಯಿರಿ. ಮೊಬೈಲ್ ತೋರಿಸುವ ಅಕ್ಷಾಂಶ, ರೇಖಾಂಶಗಳನ್ನೂ ಉಬ್ಬರದ ಗೆರೆ ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆದುಕೊಳ್ಳಿ. ಕೊಚ್ಚಿಹೋಗುತ್ತಿರುವ ದಂಡೆಯಲ್ಲಿ ಇಟ್ಟಿಗೆಯ ಸಾಲೋ ಚೂರುಗಳ ಪದರವೋ ಹೊಸದಾಗಿ ತೆರೆದುಕೊಂಡಿದ್ದರೆ, ಆ ಟಿಪ್ಪಣಿಯನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮುಂಬೈ ವಲಯಕ್ಕೆ ಮುಂದಿನ ಮಳೆಗಾಲಕ್ಕೆ ಮೊದಲೇ ಕಳುಹಿಸಿ.